ಯಂತ್ರದ ಕತ್ತರಿಯ ಪರೀಕ್ಷೆ

ದಾದರಿನ ಹೂವಿನ ಪೇಟೆಯಲ್ಲಿ ಮಾರುವವನು ಸೇವಂತಿಗೆಯ ಸರವನ್ನು ಮೊಳದಿಂದ ಅಳೆದು ಕತ್ತರಿಸಿ ಕೊಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅವನ ಕೈ ಎಷ್ಟೇ ಅವಸರದಲ್ಲಿದ್ದರೂ ಕತ್ತರಿಯು ಹೂವಿನ ಮೇಲೆ ಬೀಳುವುದಿಲ್ಲ. ಎರಡು ಹೂವುಗಳ ನಡುವಣ ದಾರದ ಮೇಲೆಯೇ ಬೀಳುತ್ತದೆ. ಗಣಕಯಂತ್ರದ ಒಳಗೂ ಇಂಥದೇ ಒಂದು ಕತ್ತರಿಯಿದೆ. ಅದು ಕತ್ತರಿಸುವುದು ಹೂವಿನ ಸರವನ್ನಲ್ಲ, ಅಕ್ಷರಗಳ ಸರವನ್ನು. ಆ ಕತ್ತರಿ ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುವ ಬಗೆ ಹೇಗೆ, ಮತ್ತು ಕನ್ನಡದ ಸರವನ್ನು ಅದರ ಬಾಯಿಗೆ ಕೊಟ್ಟಾಗ ಏನಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮೊದಲು ಡೇಟಾಬೇಸ್ ಎಂದರೇನೆಂದು ತಿಳಿಯಬೇಕು. ನಮ್ಮ ಶಾಲೆಯ ಕಚೇರಿಯಲ್ಲಿ ದೊಡ್ಡದೊಂದು ದಾಖಲೆಯ ಪುಸ್ತಕವಿದೆಯಷ್ಟೆ. ಅದರಲ್ಲಿ ಅಡ್ಡಗೆರೆ ಉದ್ದಗೆರೆಗಳನ್ನೆಳೆದು, ಒಂದೊಂದು ಸಾಲಿನಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯ ಹೆಸರು, ಜನ್ಮದಿನಾಂಕ, ಸೇರಿದ ತರಗತಿ ಮುಂತಾದವನ್ನು ಬರೆದಿಡುತ್ತಾರೆ. ಇಂಥ ಅಸಂಖ್ಯ ಪುಸ್ತಕಗಳನ್ನು ತನ್ನೊಳಗಿರಿಸಿಕೊಂಡು, ಕೇಳಿದೊಡನೆಯೇ ಬೇಕಾದ ಸಾಲನ್ನು ಹುಡುಕಿ ಕೊಡುವ ವ್ಯವಸ್ಥೆಗೆ ಡೇಟಾಬೇಸ್ ಎಂದು ಹೆಸರು. ಮಾಹಿತಿಯನ್ನು ಹೀಗೆ ಸಾಲು ಕಂಬಗಳ ಕೋಷ್ಟಕಗಳಲ್ಲಿ ಇಡತಕ್ಕದ್ದೆಂಬ ಸಿದ್ಧಾಂತವನ್ನು ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬವರು 1970ರಲ್ಲಿ ಪ್ರಕಟಿಸಿದರು. ಅಂಥ ಕೋಷ್ಟಕಗಳನ್ನು ಪ್ರಶ್ನಿಸುವುದಕ್ಕಾಗಿ ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಎಂಬವರು 1974ರಲ್ಲಿ ಒಂದು ಭಾಷೆಯನ್ನು ರಚಿಸಿದರು. ಎಸ್‌ಕ್ಯುಎಲ್ ಎಂದು ಇಂದು ಪ್ರಸಿದ್ಧವಾಗಿರುವುದು ಅದೇ. 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆಯು ಅದಕ್ಕೆ ಅಧಿಕೃತ ಮುದ್ರೆಯೊತ್ತಿತು.

ಈ ಭಾಷೆಯಲ್ಲಿ ಕೆಲವು ಉಪಕರಣಗಳು ಸಿದ್ಧವಾಗಿಯೇ ಇರುತ್ತವೆ. ನಾವು ಹೊಸದಾಗಿ ಮಾಡಿಕೊಳ್ಳಬೇಕಾದುದಿಲ್ಲ. ಅವಕ್ಕೆ ಫಂಕ್ಷನ್‌ಗಳೆನ್ನುತ್ತಾರೆ. ನಾವು ಹೇಳಿದ ಕತ್ತರಿಯೂ ಅವುಗಳಲ್ಲೊಂದು. ಅದರ ಹೆಸರು ಸಬ್‌ಸ್ಟ್ರಿಂಗ್, ಎಂದರೆ ಸರದ ತುಂಡು. ಅದಕ್ಕೆ ಮೂರು ಸಂಗತಿಗಳನ್ನು ಹೇಳಬೇಕು: ಯಾವ ಸರ, ಎಷ್ಟನೆಯ ಸ್ಥಾನದಿಂದ, ಎಷ್ಟು ಉದ್ದ. 1234567890 ಎಂಬ ಸರವನ್ನು ಕೊಟ್ಟು, 4ನೆಯ ಸ್ಥಾನದಿಂದ 3 ಎಂದರೆ 456 ಎಂಬ ತುಂಡು ಕೈಗೆ ಬರುತ್ತದೆ. ಉದ್ದವನ್ನು ಹೇಳದೆ 3ನೆಯ ಸ್ಥಾನದಿಂದ ಎಂದಷ್ಟೇ ಹೇಳಿದರೆ, ಅಲ್ಲಿಂದ ಕೊನೆಯವರೆಗೆ 34567890 ಬರುತ್ತದೆ.

ಈ ಎರಡು ಉದಾಹರಣೆಗಳನ್ನು ನಾವು ಕಲ್ಪಿಸಿದ್ದಲ್ಲ. ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ಡೇಟಾಬೇಸನ್ನು ತಯಾರಿಸುವವರು ತಮ್ಮ ಕತ್ತರಿಯನ್ನು ಪರೀಕ್ಷಿಸಲು ಇಟ್ಟುಕೊಂಡಿರುವ ಪ್ರಶ್ನೆಗಳಲ್ಲಿ ಇವೂ ಸೇರಿವೆ. 1986ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ಮುಂದಾಳುತನದಲ್ಲಿ ಆರಂಭವಾದ ಆ ಕೆಲಸವನ್ನು ಇಂದು ಅನೇಕ ದೇಶಗಳ ಜನರು ಕೂಡಿ ನಡೆಸುತ್ತಿದ್ದಾರೆ. ಅದರ ಒಳಗಿನ ಬರಹವನ್ನೂ ಪರೀಕ್ಷೆಗಳನ್ನೂ ಯಾರು ಬೇಕಾದರೂ ತೆರೆದು ಓದಬಹುದು. 1234567890 ಎಂಬ ಸರವನ್ನು ಆರಿಸಿದುದರಲ್ಲಿ ಒಂದು ಜಾಣತನವಿದೆ. ಇಲ್ಲಿ ಪ್ರತಿಯೊಂದು ಅಂಕಿಯೂ ತಾನು ಎಷ್ಟನೆಯದೆಂಬುದನ್ನು ತಾನೇ ಹೇಳುತ್ತದೆ. ತುಂಡಿನಲ್ಲಿ 5 ಕಾಣಿಸಿದರೆ ಐದನೆಯ ಸ್ಥಾನ ಬಂದಿದೆಯೆಂದೇ ಅರ್ಥ. ಸರವೇ ಅಳತೆಗೋಲೂ ಆಗಿದೆ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಆ ಪರೀಕ್ಷೆಗಳಲ್ಲಿ ಪ್ರಶ್ನೆಯ ಜೊತೆಯಲ್ಲಿಯೇ ಬರತಕ್ಕ ಉತ್ತರವನ್ನೂ ಬರೆದಿಟ್ಟಿದ್ದಾರೆ. 456 ಎಂಬುದು ಉತ್ತರದ ಕಂಬದ ತಲೆಬರಹವೇ ಆಗಿದೆ. ಯಂತ್ರ ಕೊಟ್ಟುದನ್ನು ನೋಡಿ ಆಮೇಲೆ ‘ಸರಿಯಿರಬಹುದು’ ಎಂದು ತಲೆದೂಗುವುದು ಪರೀಕ್ಷೆಯಲ್ಲ. ಅದು ಬರಿಯ ನೋಟ. ಲೆಕ್ಕದ ಪುಸ್ತಕದ ಕೊನೆಯಲ್ಲಿ ಉತ್ತರಗಳು ಮುದ್ರಿತವಾಗಿಲ್ಲದಿದ್ದರೆ ನಾವು ಮಾಡಿದ ಲೆಕ್ಕವೆಲ್ಲ ಸರಿಯೆಂದೇ ನಮಗೆ ತೋರುವುದಿಲ್ಲವೆ? ಉತ್ತರ ಯಂತ್ರದಿಂದ ಬರುವ ಮೊದಲೇ ಅದು ಪರೀಕ್ಷಕನ ಕಾಗದದಲ್ಲಿ ಇರಬೇಕು.

ಹಾಗಾದರೆ ಎಷ್ಟು ಪ್ರಶ್ನೆಗಳನ್ನು ಕೇಳಬೇಕು? ಎಲ್ಲವನ್ನೂ ಕೇಳಿಬಿಡೋಣವೆಂದರೆ ಸಾಧ್ಯವಿಲ್ಲ. ಸ್ಥಾನ, ಉದ್ದ ಎರಡನ್ನೂ ಯಂತ್ರವು 32 ಬಿಟ್‌ಗಳ ಸಂಖ್ಯೆಗಳಾಗಿ ಇಟ್ಟುಕೊಳ್ಳುವುದಾದರೆ, ಒಂದೇ ಒಂದು ಸರಕ್ಕೆ ಕೇಳಬಹುದಾದ ಪ್ರಶ್ನೆಗಳು ಎರಡರ 64ನೆಯ ಘಾತದಷ್ಟು. ಸೆಕೆಂಡಿಗೆ ಒಂದು ಕೋಟಿ ಪ್ರಶ್ನೆಗಳಂತೆ ಕೇಳುತ್ತ ಹೋದರೂ ಮುಗಿಯಲು ಸುಮಾರು 58 ಸಾವಿರ ವರ್ಷಗಳು ಬೇಕು. ಆದುದರಿಂದ ಆರಿಸಿಕೊಳ್ಳಬೇಕು. ನಡುವಿನ ಪ್ರಶ್ನೆಗಳೆಲ್ಲ ಒಂದೇ ಜಾತಿಯವು. 4ನೆಯ ಸ್ಥಾನದಿಂದ 3 ಸರಿಯಾಗಿ ಬಂದರೆ 5ನೆಯ ಸ್ಥಾನದಿಂದ 3 ತಪ್ಪುವ ಸಂಭವ ಕಡಿಮೆ. ತಪ್ಪುಗಳು ಮನೆಮಾಡಿಕೊಂಡಿರುವುದು ಅಂಚುಗಳಲ್ಲಿ. ಗ್ಲೆನ್‌ಫರ್ಡ್ ಮಾಯರ್ಸ್ ಎಂಬವರು 1979ರಲ್ಲಿ ತಂತ್ರಾಂಶ ಪರೀಕ್ಷೆಯ ಕಲೆಯನ್ನು ಕುರಿತು ಬರೆದ ಗ್ರಂಥದಲ್ಲಿ, ಒಂದೊಂದು ಜಾತಿಗೂ ಒಂದೊಂದು ಪ್ರಶ್ನೆ ಸಾಕು, ಜಾತಿ ಬದಲಾಗುವ ಗಡಿಯಲ್ಲಿ ಮಾತ್ರ ಇಬ್ಬದಿಯನ್ನೂ ಕೇಳಬೇಕು ಎಂಬ ಕ್ರಮವನ್ನು ವಿವರಿಸಿದ್ದಾರೆ. ಹೊಲದ ತೆವರಿಯಲ್ಲಿಯೇ ಜಗಳ ಹುಟ್ಟುವುದು, ನಡುಹೊಲದಲ್ಲಿ ಅಲ್ಲ. ಇದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ.

ಈಗ ಗಡಿಗೆ ಹೋಗೋಣ. ನಮ್ಮ ಹತ್ತು ಅಂಕಿಗಳ ಸರಕ್ಕೆ 1ನೆಯ ಸ್ಥಾನವೇ ಮೊದಲು. ಅದಕ್ಕೆ ಹಿಂದಿನ ಸೊನ್ನೆಯ ಸ್ಥಾನದಿಂದ 3 ಕೊಡೆಂದರೆ ಏನು ಬರಬೇಕು? ವಾಚಕರು ಇಲ್ಲಿ ಒಂದು ಕ್ಷಣ ನಿಂತು ತಮ್ಮ ಉತ್ತರವನ್ನು ಬರೆದಿಟ್ಟುಕೊಂಡು ಮುಂದೆ ಓದುವುದು ಒಳ್ಳೆಯದು.

ಪೋಸ್ಟ್‌ಗ್ರೆಸ್ 12 ಎಂದು ಉತ್ತರಿಸುತ್ತದೆ. ಅದರ ವಾದವೇನೆಂದರೆ, ನೀವು ಕೇಳಿದುದು 0, 1, 2 ಎಂಬ ಮೂರು ಸ್ಥಾನಗಳನ್ನು. ಸೊನ್ನೆಯ ಸ್ಥಾನದಲ್ಲಿ ಏನೂ ಇಲ್ಲ. ಉಳಿದೆರಡನ್ನು ತೆಗೆದುಕೊಳ್ಳಿ ಎಂದು. ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರ್ ಕೂಡ 12 ಎಂದೇ ಹೇಳುತ್ತದೆ. ಒರಾಕಲ್ ಮಾತ್ರ ಸೊನ್ನೆಯನ್ನು ಒಂದೆಂದೇ ಎಣಿಸಿ 123 ಎನ್ನುತ್ತದೆ. ಮೈಎಸ್‌ಕ್ಯುಎಲ್ ಏನನ್ನೂ ಕೊಡದೆ ಬರಿಯ ಸರವನ್ನು ಮರಳಿಸುತ್ತದೆ. ಒಂದೇ ಪ್ರಶ್ನೆ, ಮೂರು ಉತ್ತರ! ಇನ್ನು −3ನೆಯ ಸ್ಥಾನದಿಂದ 2 ಎಂದರೆ ಭೇದ ಇನ್ನೂ ಹೆಚ್ಚಾಗುತ್ತದೆ. ಒರಾಕಲ್, ಮೈಎಸ್‌ಕ್ಯುಎಲ್, ಮತ್ತು ನಮ್ಮ ಕೈಯ ಫೋನುಗಳಲ್ಲೆಲ್ಲ ಅಡಗಿ ಕುಳಿತಿರುವ ಎಸ್‌ಕ್ಯುಲೈಟ್, ಈ ಮೂರೂ ಋಣ ಸಂಖ್ಯೆಯನ್ನು ಕಂಡರೆ ಸರದ ಬಾಲದಿಂದ ಎಣಿಸಿ 89 ಎನ್ನುತ್ತವೆ. ಪೋಸ್ಟ್‌ಗ್ರೆಸ್ −3, −2 ಎಂಬ ಇಲ್ಲದ ಸ್ಥಾನಗಳಿಗೆ ಹೋಗಿ ಬರಿಗೈಯಲ್ಲಿ ಮರಳುತ್ತದೆ.

ಉದ್ದವನ್ನೇ ಋಣ ಸಂಖ್ಯೆಯಾಗಿ ಕೊಟ್ಟರೆ? 5ನೆಯ ಸ್ಥಾನದಿಂದ −2 ಎಂಬ ಪ್ರಶ್ನೆಗೆ ಪೋಸ್ಟ್‌ಗ್ರೆಸ್ ‘ಋಣ ಉದ್ದಕ್ಕೆ ಅವಕಾಶವಿಲ್ಲ’ ಎಂಬರ್ಥದ ದೋಷವನ್ನು ಸಾರಿ ನಿಂತುಬಿಡುತ್ತದೆ. ಮೈಎಸ್‌ಕ್ಯುಎಲ್ ಬರಿದಾದ ಸರವನ್ನು ಕೊಡುತ್ತದೆ. ಎಸ್‌ಕ್ಯುಲೈಟ್ ಐದನೆಯದಕ್ಕೆ ಹಿಂದಿನ ಎರಡನ್ನು, ಎಂದರೆ 34ನ್ನು, ಎತ್ತಿ ಕೊಡುತ್ತದೆ. ಇವುಗಳಲ್ಲಿ ಪೋಸ್ಟ್‌ಗ್ರೆಸ್‌ನ ನಡೆಯೇ ನಮಗೆ ಹೆಚ್ಚು ಒಪ್ಪುತ್ತದೆ. ಕೇಳಿದವನು ತಪ್ಪಿ ಕೇಳಿದ್ದಾನೆಂದು ಎಚ್ಚರಿಸುವ ಯಂತ್ರವು, ಏನೋ ಒಂದನ್ನು ಕೊಟ್ಟು ಮೌನವಾಗಿರುವ ಯಂತ್ರಕ್ಕಿಂತ ಮೇಲು. ಆದರೆ ಪರೀಕ್ಷಕನಾದವನಿಗೆ ತನ್ನ ಮೆಚ್ಚಿಕೆ ಮುಖ್ಯವಲ್ಲ. ಆಯಾ ಯಂತ್ರದ ಕೈಪಿಡಿಯಲ್ಲಿ ಏನು ಬರೆದಿದೆಯೋ ಹಾಗೆ ಅದು ನಡೆಯುವುದೋ ಎಂಬುದೇ ಮುಖ್ಯ. ಒಂದು ಯಂತ್ರಕ್ಕಾಗಿ ಬರೆದ ಉತ್ತರಪತ್ರಿಕೆಯನ್ನು ಹಿಡಿದು ಇನ್ನೊಂದನ್ನು ಪರೀಕ್ಷಿಸತಕ್ಕದ್ದಲ್ಲ.

ಬರಿದಾದ ಸರ ಎಂದೆವಷ್ಟೆ. ಅದಕ್ಕೂ ‘ನಲ್’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ತಿಳಿದಿರಬೇಕು. ಪರೀಕ್ಷೆಗೆ ಕುಳಿತು ಸೊನ್ನೆ ಅಂಕ ಪಡೆದ ಹುಡುಗನೂ ಪರೀಕ್ಷೆಗೆ ಬಾರದ ಹುಡುಗನೂ ಒಂದೇ ಅಲ್ಲ. ಬರಿದಾದ ಸರವು ಸೊನ್ನೆ ಅಂಕ. ನಲ್ ಎಂಬುದು ಗೈರುಹಾಜರಿ. ಗೈರುಹಾಜರಾದ ಸರವನ್ನು ಕತ್ತರಿಸೆಂದರೆ ಉತ್ತರವೂ ಗೈರುಹಾಜರೇ. ಒರಾಕಲ್‌ನಲ್ಲಿ ಮಾತ್ರ ಇವೆರಡನ್ನೂ ಒಂದೇ ಎಂದು ಭಾವಿಸುವ ಹಳೆಯ ರೂಢಿಯಿದೆ.

ಅಂಚಿನಲ್ಲಿ ತಪ್ಪು ಹೇಗೆ ಬಹುಕಾಲ ಅಡಗಿರಬಲ್ಲದು ಎಂಬುದಕ್ಕೆ ಒಂದು ನಿಜವಾದ ನಿದರ್ಶನವಿದೆ. ಸ್ಥಾನವನ್ನೂ ಉದ್ದವನ್ನೂ ಕೂಡಿಸಿದರೆ ಎಲ್ಲಿ ಕತ್ತರಿಸಬೇಕೆಂಬುದು ಸಿಗುತ್ತದೆ. ಪೋಸ್ಟ್‌ಗ್ರೆಸ್ ಹೀಗೆಯೇ ಕೂಡಿಸುತ್ತಿತ್ತು. ಬಂದ ಮೊತ್ತವು ಆರಂಭಸ್ಥಾನಕ್ಕಿಂತ ಕಡಿಮೆಯಿದ್ದರೆ ಉದ್ದವು ಋಣವೆಂದು ತೀರ್ಮಾನಿಸಿ ದೋಷವನ್ನು ಸಾರುತ್ತಿತ್ತು. ನ್ಯಾಯವಾಗಿಯೇ ಇದೆಯಲ್ಲ ಎನಿಸುತ್ತದೆ. ಆದರೆ ಅಲ್ಲಿ ಬಳಸುವ ಸಂಖ್ಯೆಗೊಂದು ಮೇಲ್ಮಿತಿಯಿದೆ: 2147483647, ಎಂದರೆ 214 ಕೋಟಿ 74 ಲಕ್ಷ 83 ಸಾವಿರದ 647. ಹಳೆಯ ಟ್ಯಾಕ್ಸಿಯ ಮೈಲಿ ಎಣಿಸುವ ಚಕ್ರ 99999 ಆದಮೇಲೆ 00000ಕ್ಕೆ ತಿರುಗಿಬಿಡುವಂತೆ, ಈ ಸಂಖ್ಯೆಯೂ ಮಿತಿಯನ್ನು ದಾಟಿದೊಡನೆ ಉರುಳಿ ಅತ್ಯಂತ ದೊಡ್ಡ ಋಣ ಸಂಖ್ಯೆಯಾಗುತ್ತದೆ. 2ನೆಯ ಸ್ಥಾನದಿಂದ 2147483646 ಕೊಡೆಂದು ಕೇಳಿದಾಗ ಮೊತ್ತವು 2147483648 ಆಗಬೇಕಾಗಿತ್ತು. ಮಿತಿಗಿಂತ ಒಂದೇ ಒಂದು ಹೆಚ್ಚು. ಅದು ಉರುಳಿತು, ಯಂತ್ರವು ಋಣ ಉದ್ದವೆಂದು ಸುಳ್ಳು ದೂರು ಹೇಳಿತು. ಉಲ್ಟಾ ದಿಕ್ಕಿನಲ್ಲಿಯೂ ಹೀಗೆಯೇ. −10ನೆಯ ಸ್ಥಾನದಿಂದ −2147483646 ಎಂಬ ಅಸಂಗತ ಪ್ರಶ್ನೆಗೆ ದೋಷವನ್ನು ಸಾರುವ ಬದಲು ಸರವನ್ನೆಲ್ಲ ಹಾಗೆಯೇ ಒಪ್ಪಿಸಿತು.

2021ರ ಜನವರಿಯಲ್ಲಿ ಇದನ್ನು ಸರಿಪಡಿಸಿದರು. ಮೊತ್ತವು ಮಿತಿಯನ್ನು ಮೀರಿತೇ ಎಂದು ಮೊದಲು ನೋಡಿ, ಮೀರಿದ್ದರೆ ‘ಕೊನೆಯವರೆಗೆ’ ಎಂದು ಅರ್ಥಮಾಡಿಕೊಳ್ಳುವಂತೆಯೂ, ಋಣ ಉದ್ದವನ್ನು ಮೊತ್ತದಿಂದ ಊಹಿಸದೆ ನೇರವಾಗಿ ಗುರುತಿಸುವಂತೆಯೂ ಮಾಡಿದರು. ಸರಿಪಡಿಸಿದುದರ ಜೊತೆಗೆ ಆ ಪ್ರಶ್ನೆಗಳನ್ನೇ ಪರೀಕ್ಷೆಯ ಕಡತಕ್ಕೆ ಸೇರಿಸಿದರು. ಅಂದಿನಿಂದ ಆ ತಂತ್ರಾಂಶದಲ್ಲಿ ಯಾರು ಏನನ್ನು ಬದಲಾಯಿಸಿದರೂ ಆ ಪ್ರಶ್ನೆಗಳನ್ನು ಮತ್ತೆ ಕೇಳಲಾಗುತ್ತದೆ. 214 ಕೋಟಿ ಉದ್ದವನ್ನು ಯಾರು ಕೇಳುತ್ತಾರೆ ಎಂದು ಕೆಲವರು ನಗಬಹುದು. ‘ಕೊನೆಯವರೆಗೆ ಎಷ್ಟಿದ್ದರೂ ಕೊಡು’ ಎನ್ನಬೇಕಾದಾಗ ತಂತ್ರಾಂಶ ಬರೆಯುವವರು ಸಾಮಾನ್ಯವಾಗಿ ತಮಗೆ ಗೊತ್ತಿರುವ ಅತಿ ದೊಡ್ಡ ಸಂಖ್ಯೆಯನ್ನೇ ಬರೆಯುತ್ತಾರೆಂಬುದು ಅವರಿಗೆ ತಿಳಿಯದು.

ಉತ್ತರವನ್ನು ಮೊದಲೇ ಬರೆದಿಡದೆಯೂ ಕೆಲವೊಮ್ಮೆ ಪರೀಕ್ಷಿಸಬಹುದು. ಅದಕ್ಕೊಂದು ಸೊಗಸಾದ ಉಪಾಯವಿದೆ. ಸರವನ್ನು ಎಲ್ಲಿಯಾದರೂ ಕತ್ತರಿಸಿ, ಮೊದಲ ತುಂಡನ್ನೂ ಉಳಿದ ತುಂಡನ್ನೂ ಮತ್ತೆ ಜೋಡಿಸಿದರೆ ಹಿಂದಿನ ಸರವೇ ಬರಬೇಕು. ಯಾವ ಸರವಾದರೂ ಸರಿ, ಎಲ್ಲಿ ಕತ್ತರಿಸಿದರೂ ಸರಿ. ಹೀಗೆ ಸಾವಿರಾರು ಸರಗಳನ್ನು ಯಂತ್ರದಿಂದಲೇ ಮಾಡಿಸಿ, ಕತ್ತರಿಸಿ, ಜೋಡಿಸಿ ನೋಡಬಹುದು. ಒಂದು ಅಕ್ಷರ ಕಳೆದುಹೋದರೂ, ಎರಡು ಸಲ ಬಂದರೂ ಸಿಕ್ಕಿಬೀಳುತ್ತದೆ. ಈ ಉಪಾಯವು ಬಲವಾದುದೇ ಆದರೂ ಅದರ ಕಣ್ಣಿಗೆ ಬೀಳದ ತಪ್ಪೂ ಒಂದಿದೆ. ಅದನ್ನು ತೋರಿಸಲು ನಮ್ಮ ಭಾಷೆಯೇ ಬೇಕು.

‘ಕನ್ನಡ’ ಎಂಬ ಪದವನ್ನು ತೆಗೆದುಕೊಳ್ಳೋಣ. ಅದರಲ್ಲಿ ಎಷ್ಟು ಅಕ್ಷರಗಳು? ಒಂದನೆಯ ತರಗತಿಯ ಮಗುವೂ ಮೂರೆನ್ನುತ್ತದೆ: ಕ, ನ್ನ, ಡ. ಡೇಟಾಬೇಸನ್ನು ಕೇಳಿದರೆ ಐದೆನ್ನುತ್ತದೆ. ಕಾರಣವೇನೆಂದರೆ, ಜಗತ್ತಿನ ಲಿಪಿಗಳಿಗೆಲ್ಲ ಸಂಕೇತಸಂಖ್ಯೆಗಳನ್ನು ಗೊತ್ತುಮಾಡಿರುವ ಯೂನಿಕೋಡ್ ಎಂಬ ಪದ್ಧತಿಯಲ್ಲಿ ಒತ್ತಕ್ಷರಕ್ಕೆ ಪ್ರತ್ಯೇಕ ಸಂಖ್ಯೆಯಿಲ್ಲ. 1991ರ ಅದರ ಮೊದಲ ಆವೃತ್ತಿಯಿಂದಲೇ ಕನ್ನಡ ಲಿಪಿಯು ಅದರಲ್ಲಿದೆ. ಅಲ್ಲಿ ವ್ಯಂಜನಗಳಿಗೊಂದೊಂದು ಸಂಖ್ಯೆ, ಗುಣಿತದ ಚಿಹ್ನೆಗಳಿಗೊಂದೊಂದು ಸಂಖ್ಯೆ, ಮತ್ತು ವ್ಯಂಜನದೊಳಗಿನ ಅಕಾರವನ್ನು ತೆಗೆದುಹಾಕುವ ಹಲಂತ ಚಿಹ್ನೆಗೊಂದು ಸಂಖ್ಯೆ. ಹಾಗಾಗಿ ‘ಕನ್ನಡ’ವು ಯಂತ್ರದಲ್ಲಿ 3221, 3240, 3277, 3240, 3233 ಎಂದು ಕುಳಿತಿರುತ್ತದೆ: ಕ, ನ, ಹಲಂತ, ನ, ಡ. ಮೊದಲ ಮೂರನ್ನು ಕತ್ತರಿಸೆಂದರೆ ‘ಕನ್’ ಬರುತ್ತದೆ, ಉಳಿದುದು ‘ನಡ’. ಎರಡನ್ನೂ ಜೋಡಿಸಿದರೆ ಮತ್ತೆ ‘ಕನ್ನಡ’ವೇ! ಜೋಡಿಸಿ ನೋಡುವ ಪರೀಕ್ಷೆಯಲ್ಲಿ ಯಂತ್ರ ತೇರ್ಗಡೆಯಾಯಿತು. ಆದರೆ ಕತ್ತರಿ ಬಿದ್ದುದು ದಾರದ ಮೇಲಲ್ಲ, ಹೂವಿನ ಮೇಲೆ.

ಛಂದಸ್ಸಿನ ಪಾಠದಲ್ಲಿ ಪ್ರಸ್ತಾರ ಹಾಕಿದವರು ಇಲ್ಲಿ ಒಂದು ಆಕ್ಷೇಪವನ್ನೆತ್ತಬಹುದು. ಒತ್ತಕ್ಷರದ ಹಿಂದಿನ ‘ಕ’ ಗುರುವಲ್ಲವೆ? ಉಚ್ಚರಿಸುವಾಗ ನಾವು ‘ಕನ್–ನ–ಡ’ ಎಂದೇ ಬಿಡಿಸುವುದಿಲ್ಲವೆ? ನಿಜ. ಕಿವಿಗೆ ಅದು ಸರಿಯಾದ ತುಂಡೇ. ಬರಹದ ಕಣ್ಣಿಗೆ ಮಾತ್ರ ತಪ್ಪು. ಯಂತ್ರವೇನೋ ಕಿವಿಗಾಗಿಯೂ ಕಣ್ಣಿಗಾಗಿಯೂ ಕತ್ತರಿಸಿದ್ದಲ್ಲ, ಮೂರು ಎಣಿಸಿತು ಅಷ್ಟೆ. ನಾಲ್ಕನೆಯ ಬಾರಿಗೆ ಅದೃಷ್ಟ ಕೈಕೊಡುತ್ತದೆ: ‘ಕನ್ನಡ’ವನ್ನು 3ನೆಯ ಸ್ಥಾನದಿಂದ ಕತ್ತರಿಸಿದರೆ ತುಂಡು ಹಲಂತ ಚಿಹ್ನೆಯಿಂದ ಆರಂಭವಾಗಿ, ಹಿಡಿಯಲು ವ್ಯಂಜನವಿಲ್ಲದೆ, ಪರದೆಯ ಮೇಲೆ ಚುಕ್ಕೆಗಳ ಒಂದು ವೃತ್ತವನ್ನು ತಬ್ಬಿಕೊಂಡು ನಿಲ್ಲುತ್ತದೆ.

‘ಕರ್ನಾಟಕ’ದಲ್ಲಿ ಇನ್ನೊಂದು ವಿನೋದವಿದೆ. ಕಾಗದದ ಮೇಲೆ ಅರ್ಕಾವೊತ್ತನ್ನು ನಾವು ‘ನಾ’ದ ಬಲಕ್ಕೆ ಬರೆಯುತ್ತೇವೆ. ಯಂತ್ರದಲ್ಲಿ ಮಾತ್ರ ಉಚ್ಚಾರಣೆಯ ಕ್ರಮ: ಕ, ರ, ಹಲಂತ, ನ, ದೀರ್ಘ, ಟ, ಕ ಎಂದು ಏಳು. ಮೊದಲ ಎರಡನ್ನು ಕತ್ತರಿಸಿದರೆ, ಕಣ್ಣಿಗೆ ಮೂರನೆಯದಾಗಿ ಕಂಡ ಗುರುತು ಎರಡನೆಯದಾಗಿ ಎದ್ದುಬಂದು ‘ಕರ’ ಎನಿಸುತ್ತದೆ.

ಇಷ್ಟೂ ಸಂಕೇತಗಳನ್ನು ಎಣಿಸುವ ಕತ್ತರಿಯ ಮಾತಾಯಿತು. ಬೈಟ್‌ಗಳನ್ನು ಎಣಿಸುವ ಕತ್ತರಿಗಳೂ ಇವೆ. ಒರಾಕಲ್‌ನಲ್ಲಿ ಅದಕ್ಕೆಂದೇ ಬೇರೆ ಫಂಕ್ಷನ್ ಉಂಟು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು 1992ರಲ್ಲಿ ರೂಪಿಸಿದ, ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಲೇಖನಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್‌ಗಳು. ಹೆಸರಿನ ಕಂಬಕ್ಕೆ 20 ಬೈಟ್‌ಗಳ ಜಾಗವಿಟ್ಟವನು ಇಂಗ್ಲಿಷಿನಲ್ಲಿ ಇಪ್ಪತ್ತು ಅಕ್ಷರಗಳನ್ನು ಬರೆಯಬಲ್ಲ. ಕನ್ನಡದಲ್ಲಿ ಆರು ಸಂಕೇತಗಳನ್ನಿಟ್ಟು ಏಳನೆಯದಕ್ಕೆ ಹೋಗುವಷ್ಟರಲ್ಲಿ ಜಾಗ ತೀರುತ್ತದೆ. ‘ಕರ್ನಾಟಕ’ಕ್ಕೆ 21 ಬೈಟ್‌ಗಳು ಬೇಕು, ಆ ಕಂಬದಲ್ಲಿ ನಮ್ಮ ನಾಡಿನ ಹೆಸರು ಹಿಡಿಸದು.

ಕಣ್ಣಿಗೆ ಒಂದೇ ಆಗಿ ಕಂಡರೂ ಒಳಗೆ ಬೇರೆಯಾಗಿರುವ ಸರಗಳೂ ಉಂಟು. ‘ಕೋಲಾರ’ದ ಓತ್ವವು ಒಂದೇ ಸಂಕೇತವಾಗಿರಬಹುದು, ಇಲ್ಲವೇ ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರಾಗಿ ಬಿಡಿಸಿಟ್ಟಿರಬಹುದು. ಮೊದಲನೆಯದರಲ್ಲಿ ಒಟ್ಟು ಐದು ಸಂಕೇತಗಳು, ಎರಡನೆಯದರಲ್ಲಿ ಏಳು. ಮೊದಲ ಎರಡನ್ನು ಕತ್ತರಿಸಿದರೆ ಒಂದರಿಂದ ‘ಕೋ’, ಇನ್ನೊಂದರಿಂದ ‘ಕೆ’. ಇಂಥವನ್ನು ಕತ್ತರಿಸುವ ಮೊದಲು ಒಂದೇ ರೂಪಕ್ಕೆ ತರಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಅದಕ್ಕೆ ಬೇಕಾದ ಫಂಕ್ಷನ್ 2020ರಲ್ಲಿ, 13ನೆಯ ಆವೃತ್ತಿಯಲ್ಲಿ, ಬಂತು. ಇನ್ನು ‘ಬಸ್‌ಗಳು’ ಎಂಬಲ್ಲಿ ಗಕಾರವು ಸಕಾರದ ಅಡಿಗೆ ಒತ್ತಾಗಿ ಇಳಿಯದಂತೆ ನಡುವೆ ಒಂದು ಅಗೋಚರ ಸಂಕೇತವನ್ನಿಡುತ್ತಾರೆ. ಅದೂ ಒಂದು ಸ್ಥಾನವನ್ನು ಹಿಡಿಯುತ್ತದೆ. ಮೊದಲ ನಾಲ್ಕನ್ನು ಕತ್ತರಿಸಿದರೆ ‘ಬಸ್’ ಎಂದು ಕಾಣುವ ತುಂಡು ಬರುವುದಾದರೂ ಅದರ ಬಾಲದಲ್ಲಿ ಕಾಣದ ಒಂದು ಗಂಟು ಉಳಿದಿರುತ್ತದೆ.

ಇದೆಲ್ಲ ಎಲ್ಲಿ ಕಾಡುತ್ತದೆಂದರೆ ಹೆಸರಿನಲ್ಲಿ. ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಕರೆಯುವ ರೂಢಿ ನಮ್ಮ ಸಾಹಿತಿಗಳಲ್ಲಿ ವಿಶೇಷವಾಗಿದೆಯಷ್ಟೆ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪನವರು ಕುವೆಂಪು. ಪ್ರತಿ ಹೆಸರಿನ ಮೊದಲ ಒಂದನ್ನು ಕತ್ತರಿಸೆಂದು ಡೇಟಾಬೇಸಿಗೆ ಹೇಳಿದೆವೆನ್ನೋಣ. ಇಂಗ್ಲಿಷ್ ಹೆಸರುಗಳಿಗೆ ಎಲ್ಲರೂ ಮಾಡುವುದು ಇದನ್ನೇ. ಬರುವುದು ‘ಕವಪ’! ಎರಡೆರಡನ್ನು ಕತ್ತರಿಸಿದರೆ ‘ಕುವೆಪು’, ಅನುಸ್ವಾರ ಹೋಯಿತು. ಮೂರು ಮೂರಾದರೆ ‘ಕುಪವೆಂಪುಟ’. ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯನವರ ಗತಿಯೂ ಇದೇ. ಒಂದೊಂದು ಎಂದರೆ ‘ತನಶ’. ನಾಲ್ಕು ನಾಲ್ಕು ಎಂದರೆ ‘ಶ್ರೀ’ ಮಾತ್ರ ಸರಿಯಾಗಿ, ಉಳಿದವು ‘ತೀರ್’, ‘ನಂಜು’ ಎಂದು ಬೆಳೆದುಬಿಡುತ್ತವೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ‘ದ’ಕ್ಕೆ ಒಂದು ಸಂಕೇತ, ‘ರಾ’ಕ್ಕೆ ಎರಡು, ವೆಂಕಟಪ್ಪನವರ ‘ವೆಂ’ಗೆ ಮೂರು, ಶ್ರೀಕಂಠಯ್ಯನವರ ‘ಶ್ರೀ’ಗೆ ನಾಲ್ಕು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು. ಯಾವ ಒಂದು ಸಂಖ್ಯೆಯಿಂದಲೂ ಇವನ್ನೆಲ್ಲ ಅಳೆಯಲಾಗದು.

ಹೀಗಿರುವಾಗ ಯಾರಾದರೂ ‘ಫಂಕ್ಷನ್ ಕೆಟ್ಟಿದೆ’ ಎಂದರೆ ಅದು ನ್ಯಾಯವಲ್ಲ. ಕೈಪಿಡಿಯಲ್ಲಿ ಹೇಳಿದಂತೆ ಅದು ಸಂಕೇತಗಳನ್ನು ಎಣಿಸಿದೆ. ಅದರ ಪರೀಕ್ಷೆಗಳೆಲ್ಲ ತೇರ್ಗಡೆಯಾಗಿವೆ. ಆದರೆ ಅದನ್ನು ಬಳಸಿಕೊಂಡು ಗುರುತಿನ ಚೀಟಿಯನ್ನೋ ಪ್ರಮಾಣಪತ್ರವನ್ನೋ ಮುದ್ರಿಸುವ ತಂತ್ರಾಂಶ ಕೆಟ್ಟಿದೆ. ಅದನ್ನು ಪರೀಕ್ಷಿಸಿದವರ ಕಾಗದದಲ್ಲಿ ಇಂಗ್ಲಿಷ್ ಹೆಸರುಗಳಷ್ಟೇ ಇದ್ದುವಾದರೆ ಅವರಿಗೆ ಇದು ಕಾಣುವ ಬಗೆಯೇ ಇಲ್ಲ. ‘ಕವಪ’ ತಪ್ಪೆಂದು ಗೊತ್ತಾಗಬೇಕಾದರೆ ‘ಕುವೆಂಪು’ ಎಂಬ ಉತ್ತರ ಮೊದಲೇ ಬರೆದಿರಬೇಕು. ಅದನ್ನು ಬರೆಯಬಲ್ಲವರು ಕನ್ನಡ ಓದಿದವರೇ. ದೂರದ ದೇಶದ ಪರೀಕ್ಷಕರಿಂದ ಅದನ್ನು ನಿರೀಕ್ಷಿಸಲಾಗದು. 2023ರಲ್ಲಿ ಯೂನಿಕೋಡಿನ 15.1ನೆಯ ಆವೃತ್ತಿಯಲ್ಲಿ, ಹಲಂತದಿಂದ ಕೂಡಿದ ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಎಣಿಸಬೇಕೆಂಬ ನಿಯಮವನ್ನು ತಂದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಅದರಲ್ಲಿ ಸೇರಿದುವು. ಕನ್ನಡ ಸೇರಲಿಲ್ಲ. ಆ ಆವೃತ್ತಿಯ ಎಣಿಕೆಯಂತೆ ‘ಕನ್ನಡ’ವು ಮೂರೂ ಅಲ್ಲ, ಐದೂ ಅಲ್ಲ, ಕ, ನ್, ನ, ಡ ಎಂದು ನಾಲ್ಕು.

ಆದುದರಿಂದ ಮೊದಲಕ್ಷರವನ್ನು ತೆಗೆಯುವ ನಿಯಮವನ್ನು ನಾವೇ ಬರೆದುಕೊಳ್ಳಬೇಕಾಗುತ್ತದೆ. ಅದೇನೂ ಕಷ್ಟವಿಲ್ಲ. ಮೊದಲ ಸ್ವರವನ್ನೋ ವ್ಯಂಜನವನ್ನೋ ತೆಗೆದುಕೋ. ವ್ಯಂಜನದ ಮುಂದೆ ಹಲಂತವೂ ಅದರ ಮುಂದೆ ಇನ್ನೊಂದು ವ್ಯಂಜನವೂ ಇರುವವರೆಗೆ ಅವೆರಡನ್ನೂ ಕೂಡಿಸಿಕೊಳ್ಳುತ್ತ ಹೋಗು. ಬಳಿಕ ಗುಣಿತದ ಚಿಹ್ನೆಯಿದ್ದರೆ ಅದನ್ನು, ಆಮೇಲೆ ಅನುಸ್ವಾರ ವಿಸರ್ಗಗಳಿದ್ದರೆ ಅವನ್ನು ಸೇರಿಸಿ ನಿಲ್ಲು. ಪೋಸ್ಟ್‌ಗ್ರೆಸ್‌ನ ಕತ್ತರಿಗೆ ಸ್ಥಾನ ಮತ್ತು ಉದ್ದಗಳ ಬದಲು ಇಂಥ ಒಂದು ಮಾದರಿಯನ್ನೇ ಕೊಟ್ಟು ಕತ್ತರಿಸುವ ಅನುಕೂಲವೂ ಇದೆ. ಇದರ ಪರೀಕ್ಷೆಗೆ ನಾವು ಬರೆದುಕೊಂಡಿರುವ ಉತ್ತರಗಳು ಹೀಗಿವೆ: ಅರ್ಜುನನಿಗೆ ಅ; ಅಂಬಿಕೆಗೆ ಅಂ; ಕೃಷ್ಣನಿಗೆ ಕೃ; ಜ್ಞಾನೇಶ್ವರನಿಗೆ ಜ್ಞಾ. ಹೆಸರಿನ ಹಿಂದೆ ಅರಿಯದೆ ಒಂದು ತೆರಪು ಬಿದ್ದಿದ್ದರೆ ಅದನ್ನು ದಾಟಿ ಹೋಗಬೇಕು. ಹೆಸರೇ ಇಲ್ಲದ ಸಾಲಿಗೆ ಬರಿದಾದ ಉತ್ತರ.

ಇವೆಲ್ಲವೂ ಸರಿಯಾಗಿ ಬಂದಮೇಲೆ ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರ ಹೆಸರನ್ನು ಕೊಟ್ಟು ನೋಡಬೇಕು. ನಿಯಮವು ‘ಬೆಮೈಶ್ರೀ’ ಎನ್ನುತ್ತದೆ. ನಾಡೆಲ್ಲ ಅವರನ್ನು ಬಲ್ಲುದು ಬಿ.ಎಂ.ಶ್ರೀ. ಎಂದು. ಮೊದಲೆರಡು ಇಂಗ್ಲಿಷ್ ಅಕ್ಷರಗಳ ಹೆಸರುಗಳು, ಕೊನೆಯದು ಕನ್ನಡದ್ದು. ‘ಬೆಳ್ಳೂರು’ ಎಂಬ ಸರವನ್ನು ಎಲ್ಲಿ ಹೇಗೆ ಕತ್ತರಿಸಿದರೂ ಅದರಿಂದ ‘ಬಿ’ ಹೊರಬರುವಂತಿಲ್ಲ. ಅದಕ್ಕೆ ಕೋಷ್ಟಕದಲ್ಲಿ ಇನ್ನೊಂದು ಕಂಬವನ್ನೇ ಎಳೆದು, ಹೆಸರಿನವರನ್ನು ಕೇಳಿ, ಅವರು ಹೇಳಿದಂತೆ ಬರೆದುಕೊಳ್ಳಬೇಕು.